ಅರವತ್ತು ಕ್ರೆಡಿಟ್ಟುಗಳ ಬೆಲೆ

ಕಳೆದ ತಿಂಗಳ ಕೂಟ ಮುಗಿದು ಎಲ್ಲರೂ ಕಾಫಿಯ ಲೋಟ ಹಿಡಿದು ನಿಂತಿದ್ದಾಗ ನಮ್ಮ ಬಳಗದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅಮೆರಿಕದಲ್ಲಿ ನೆಲೆಸಿರುವ ಅವರ ತಂಗಿಯ ಮೊಮ್ಮಗ ತನ್ನೂರಿನ ಕಮ್ಯುನಿಟಿ ಕಾಲೇಜಿನಲ್ಲಿ ‘ಕ್ರಿಮಿನಲ್ ಜಸ್ಟಿಸ್’ ಎಂಬ ಎರಡು ವರ್ಷದ ಪದವಿಗೆ ಸೇರಿದ್ದಾನಂತೆ. ಮನೆಯಲ್ಲಿ ಯಾರಿಗೂ ಒಪ್ಪಿಗೆಯಿಲ್ಲ. “ಎಂಜಿನಿಯರಿಂಗೂ ಅಲ್ಲ, ವೈದ್ಯಕೀಯವೂ ಅಲ್ಲ. ಆ ಓದಿಗೆ ಬೆಲೆ ಅಂತ ಏನಾದರೂ ಉಂಟೇನಪ್ಪಾ?” ಎಂದು ಕೇಳಿದರು. ಅಂದು ನಾನು ಹಾರಿಕೆಯ ಮಾತಾಡಿ ತಪ್ಪಿಸಿಕೊಂಡೆ. ಆಮೇಲೆ ಕುಳಿತು ಓದಿದಾಗ ಕಂಡದ್ದು ಇಷ್ಟು: ಆ ಪದವಿಗೆ ಬೆಲೆ ಉಂಟು, ಆದರೆ ಆ ಬೆಲೆಯನ್ನು ಕಟ್ಟಿದ್ದು ವಿದ್ಯೆಯೂ ಅಲ್ಲ, ಪೇಟೆಯೂ ಅಲ್ಲ. ಶಾಸನಸಭೆಗಳು, ನಗರಸಭೆಗಳು ಮತ್ತು ಪೊಲೀಸ್ ಸಂಘಗಳು ಮಾಡಿಕೊಂಡ ಒಪ್ಪಂದಗಳು ಅದನ್ನು ಕಟ್ಟಿದವು, ಬೇಡವೆನಿಸಿದಾಗ ಕೆಡವಿದವು. ಈ ಕಟ್ಟುವ ಕೆಡವುವ ಕಥೆಗೆ ನೂರು ವರ್ಷಗಳ ಚರಿತ್ರೆಯಿದೆ.

ಕಮ್ಯುನಿಟಿ ಕಾಲೇಜು ಎಂದರೆ ನಮ್ಮ ಜೂನಿಯರ್ ಕಾಲೇಜೂ ಅಲ್ಲ, ಪಾಲಿಟೆಕ್ನಿಕ್ಕೂ ಅಲ್ಲ; ಎರಡರ ನೆರಳೂ ಅದರ ಮೇಲಿದೆ. ಪ್ರೌಢಶಿಕ್ಷಣ ಮುಗಿಸಿದ ಬಹುಮಟ್ಟಿಗೆ ಎಲ್ಲರಿಗೂ ಬಾಗಿಲು ತೆರೆದಿಡುವ, ಸಾರ್ವಜನಿಕ ಹಣದಿಂದ ನಡೆಯುವ, ಹಗಲು ದುಡಿದು ಸಂಜೆ ಓದುವವರಿಗೆ ಒಗ್ಗುವ ಸಂಸ್ಥೆ ಅದು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದಲ್ಲಿ 6 ಮಂದಿ ವಿದ್ಯಾರ್ಥಿಗಳೊಂದಿಗೆ ಆರಂಭವಾದ ಕಾಲೇಜನ್ನು ಈ ಪರಂಪರೆಯ ಮೊದಲನೆಯದೆಂದು ಎಣಿಸುತ್ತಾರೆ. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರನ್ನು ಜನಪ್ರಿಯಗೊಳಿಸಿತು. 1960ರ ದಶಕವೊಂದರಲ್ಲೇ ಇಂತಹ 450ಕ್ಕೂ ಹೆಚ್ಚು ಸಾರ್ವಜನಿಕ ಕಾಲೇಜುಗಳು ಹುಟ್ಟಿಕೊಂಡವು. ಅಲ್ಲಿ ಸಿಗುವ ಎರಡು ವರ್ಷದ ‘ಅಸೋಸಿಯೇಟ್’ ಪದವಿಗೆ ಸುಮಾರು 60 ಕ್ರೆಡಿಟ್ಟುಗಳು ಬೇಕು. ಕ್ರಿಮಿನಲ್ ಜಸ್ಟಿಸ್ ವಿಭಾಗದಲ್ಲಾದರೆ ದಂಡಶಾಸನ, ಸಾಕ್ಷ್ಯದ ನಿಯಮಗಳು, ಪೊಲೀಸ್ ಆಡಳಿತ, ಸೆರೆಮನೆಯ ನಿರ್ವಹಣೆ, ಜೊತೆಗೆ ಒಂದಿಷ್ಟು ಸಮಾಜಶಾಸ್ತ್ರ, ಒಂದಿಷ್ಟು ಬರೆವಣಿಗೆ.

ಪೊಲೀಸರು ಕಾಲೇಜಿಗೆ ಹೋಗಬೇಕೆಂಬ ವಿಚಾರ ಹೊಳೆದದ್ದು ಕಾಲೇಜಿನ ಮುಖ ಕಾಣದ ಒಬ್ಬ ಅಂಚೆಯವನಿಗೆ. ಆಗಸ್ಟ್ ವೋಲ್ಮರ್ 1905ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಪಟ್ಟಣದ ಮಾರ್ಷಲ್ ಆಗಿ ಚುನಾಯಿತನಾದಾಗ ಅವನ ಬೆನ್ನಿಗಿದ್ದದ್ದು ಪ್ರಾಥಮಿಕ ಶಾಲೆಯ ಓದು, ಫಿಲಿಪೀನ್ಸ್ ಯುದ್ಧದ ಅನುಭವ ಮತ್ತು ಮನೆಮನೆಗೆ ಕಾಗದ ಹಂಚಿ ಗಳಿಸಿದ್ದ ಊರ ಪರಿಚಯ ಮಾತ್ರ. ಅಂದಿನ ಅಮೆರಿಕದಲ್ಲಿ ಪೊಲೀಸ್ ಕೆಲಸವೆಂದರೆ ಊರ ರಾಜಕೀಯ ಧಣಿಗಳು ತಮ್ಮ ಹಿಂಬಾಲಕರಿಗೆ ಹಂಚುತ್ತಿದ್ದ ಪ್ರಸಾದ. ಚುನಾವಣೆಯಲ್ಲಿ ಧಣಿ ಸೋತರೆ ಪೊಲೀಸನ ಟೋಪಿಯೂ ಹೋಯಿತು. ವೋಲ್ಮರ್ 1908ರಲ್ಲಿ ತನ್ನ ಇಲಾಖೆಯೊಳಗೇ ಒಂದು ಶಾಲೆ ತೆರೆದ. 1916ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೇಸಿಗೆ ತರಗತಿಗಳನ್ನು ಆರಂಭಿಸಿದ. ವಿಶ್ವವಿದ್ಯಾಲಯದ ಹುಡುಗರನ್ನೇ ಗಸ್ತಿಗೆ ನೇಮಿಸಿಕೊಂಡ. ಮುಂದೆ ತಾನೇ ಪ್ರಾಧ್ಯಾಪಕನೂ ಆದ. 1930ರಲ್ಲಿ ಸ್ಯಾನ್ ಹೋಸೆಯ ಸರ್ಕಾರಿ ಕಾಲೇಜು ಪೊಲೀಸ್ ಶಿಕ್ಷಣಕ್ಕೆಂದೇ ಒಂದು ವಿಭಾಗ ತೆರೆದುದರ ಹಿಂದೆಯೂ ಅವನ ಪ್ರಭಾವವಿತ್ತು. ಗಮನಿಸಬೇಕಾದ ಮಾತೊಂದಿದೆ. ವೋಲ್ಮರ್ ಓದನ್ನು ಬಯಸಿದ್ದು ಕಸುಬಿಗೆ ಮರ್ಯಾದೆ ಬರಲೆಂದು. ಓದಿದವನಿಗೆ ಹೆಚ್ಚು ಸಂಬಳ ಯಾರು ಕೊಡಬೇಕು, ಏಕೆ ಕೊಡಬೇಕು ಎಂಬ ಲೆಕ್ಕ ಆಗ ಇನ್ನೂ ಎದ್ದಿರಲಿಲ್ಲ.

ಅದು ಎದ್ದದ್ದು 1960ರ ದಶಕದಲ್ಲಿ. 1965ರಲ್ಲಿ ಲಾಸ್ ಏಂಜಲಿಸ್ ನಗರದ ವಾಟ್ಸ್ ಕೇರಿ ಹೊತ್ತಿ ಉರಿಯಿತು. 1967ರಲ್ಲಿ ನ್ಯೂವರ್ಕ್ ಮತ್ತು ಡೆಟ್ರಾಯಿಟ್. ಪ್ರತಿ ಬೆಂಕಿಯ ಬುಡದಲ್ಲೂ ಕರಿಯರ ಕೇರಿಯೊಳಗೆ ಬಿಳಿಯ ಪೊಲೀಸನ ಒಂದು ವರ್ತನೆಯಿತ್ತು. ಅಧ್ಯಕ್ಷ ಜಾನ್ಸನ್ ನೇಮಿಸಿದ್ದ ಅಪರಾಧ ಆಯೋಗ 1967ರ ತನ್ನ ವರದಿಯಲ್ಲಿ, ಅಧಿಕಾರ ಚಲಾಯಿಸುವ ಪ್ರತಿಯೊಬ್ಬ ಪೊಲೀಸನೂ ಕೊನೆಗೆ ನಾಲ್ಕು ವರ್ಷದ ಪದವೀಧರನಾಗಿರಬೇಕೆಂಬ ಗುರಿಯನ್ನು ಮುಂದಿಟ್ಟಿತು. ಮರುವರ್ಷ ಬಂದ ಕಾಯಿದೆಯಡಿ ಕಾನೂನು ಪಾಲನೆಗೆ ನೆರವಾಗುವ ಕೇಂದ್ರ ಸಂಸ್ಥೆಯೊಂದು ಹುಟ್ಟಿತು. ಅದರ ಒಡಲಲ್ಲಿ ‘ಲೀಪ್’ ಎಂದು ಹೆಸರಾದ ಶಿಕ್ಷಣ ಯೋಜನೆ. ಪೊಲೀಸ್ ಕೆಲಸಕ್ಕೆ ಹೋಗಬಯಸುವ ವಿದ್ಯಾರ್ಥಿಗೆ ವರ್ಷಕ್ಕೆ 1,800 ಡಾಲರಿನವರೆಗೆ ಸಾಲ. ಕೆಲಸಕ್ಕೆ ಸೇರಿದ ಮೇಲೆ ವರ್ಷಕ್ಕೆ ಕಾಲು ಭಾಗದಂತೆ ಆ ಸಾಲ ಮನ್ನಾ. ಆಗಲೇ ಕೆಲಸದಲ್ಲಿರುವವನಿಗೆ ಸೆಮಿಸ್ಟರಿಗೆ 300 ಡಾಲರಿನವರೆಗೆ ಸಹಾಯಧನ, ಹಿಂದಿರುಗಿಸಬೇಕಿಲ್ಲ. ಸುಮಾರು 65 ಲಕ್ಷ ಡಾಲರಿನಿಂದ ಆರಂಭವಾದ ಈ ಯೋಜನೆ ಕೆಲವೇ ವರ್ಷಗಳಲ್ಲಿ ವರ್ಷಕ್ಕೆ 4 ಕೋಟಿ ಡಾಲರಿನ ಮಟ್ಟಕ್ಕೆ ಏರಿತು.

ಹಣ ಹರಿದ ಕಡೆ ಕಾಲೇಜುಗಳು ಮೊಳೆತವು. ಊರೂರಿನ ಕಮ್ಯುನಿಟಿ ಕಾಲೇಜು ಪೊಲೀಸ್ ವಿಭಾಗ ತೆರೆಯಿತು. ಪಾಠ ಹೇಳುವವರು ಬಹುಪಾಲು ನಿವೃತ್ತ ಪೊಲೀಸರು. ಕೇಳುವವರು ಸೇವೆಯಲ್ಲಿರುವ ಪೊಲೀಸರು. ಕೆಲವೆಡೆ ತರಗತಿ ನಡೆಯುತ್ತಿದ್ದುದು ಠಾಣೆಯಲ್ಲೇ. ಠಾಣೆಯಲ್ಲಿ ಕಲಿತದ್ದನ್ನೇ ಕಾಲೇಜಿನಲ್ಲಿ ಕೇಳಿ ಕ್ರೆಡಿಟ್ಟು ಪಡೆಯುವ ಸೊಗಸು! 1978ರಲ್ಲಿ ಲಾರೆನ್ಸ್ ಶೆರ್ಮನ್ ಮುಖ್ಯ ಲೇಖಕರಾಗಿ ಸಿದ್ಧಪಡಿಸಿದ, ಪೊಲೀಸ್ ಶಿಕ್ಷಣದ ಗುಣಮಟ್ಟವನ್ನು ಕುರಿತ ವರದಿ ಇದನ್ನು ನಿರ್ದಾಕ್ಷಿಣ್ಯವಾಗಿ ಖಂಡಿಸಿತು. ಕೆಲಸಕ್ಕೆ ಸೇರಿದವರನ್ನು ಓದಿಸುವುದರ ಬದಲು ಓದಿದವರನ್ನು ಕೆಲಸಕ್ಕೆ ಸೇರಿಸಿಕೊಳ್ಳಿ ಎಂಬುದು ಅದರ ವಾದದ ತಿರುಳು. ಬರಿಯ ಕಸುಬು ಕಲಿಸಿ ಅಲ್ಲಿಗೇ ನಿಲ್ಲುವ ಎರಡು ವರ್ಷದ ಪದವಿಗಳ ಬಗ್ಗೆ ಆ ವರದಿಗೆ ಒಂದಿಷ್ಟೂ ಮೆಚ್ಚುಗೆಯಿರಲಿಲ್ಲ. ಆದರೂ ನಾನು ಪೂರ್ತಿಯಾಗಿ ಶೆರ್ಮನ್ ಪಕ್ಷ ಹಿಡಿಯಲಾರೆ. ರಾತ್ರಿ ಪಾಳಿ ಮುಗಿಸಿ, ಕಣ್ಣುಜ್ಜಿಕೊಳ್ಳುತ್ತ ಬೆಳಗಿನ ತರಗತಿಗೆ ಬಂದು, ತನ್ನ ವಂಶದಲ್ಲೇ ಮೊದಲ ಬಾರಿಗೆ ಸಂವಿಧಾನದ ಪಾಠ ಕೇಳಿದ ಆ ಐರಿಷ್ ಅಥವಾ ಇಟಾಲಿಯನ್ ಮೂಲದ ಪೇದೆಗೆ ಅದರಿಂದ ಏನೂ ದಕ್ಕಲಿಲ್ಲವೆನ್ನಲು ನಾವು ಯಾರು? ನ್ಯೂಯಾರ್ಕಿನಲ್ಲಿ 1964ರಲ್ಲಿ ಪೊಲೀಸ್ ವಿಜ್ಞಾನದ ಕಾಲೇಜಾಗಿ ಸ್ಥಾಪನೆಯಾಗಿ, ಬಳಿಕ ಜಾನ್ ಜೇ ಕಾಲೇಜೆಂದು ಹೆಸರು ಪಡೆದ ಸಂಸ್ಥೆ ಇಂಥವರಿಂದಲೇ ತುಂಬಿತ್ತು. 1976ರಲ್ಲಿ ನಗರ ದಿವಾಳಿಯ ಅಂಚಿಗೆ ಬಂದು, ನಗರ ವಿಶ್ವವಿದ್ಯಾಲಯದ ಶತಮಾನಕ್ಕೂ ಹಳೆಯ ಉಚಿತ ಶಿಕ್ಷಣ ಕೊನೆಗೊಂಡಾಗ ಆ ಕಾಲೇಜೂ ಮುಚ್ಚುವ ಹಂತಕ್ಕೆ ಬಂದಿತ್ತು. ವಿದ್ಯಾರ್ಥಿಗಳೂ ಅಧ್ಯಾಪಕರೂ ಹೋರಾಡಿ ಉಳಿಸಿಕೊಂಡರು.

ಪದವಿಯ ಬೆಲೆಯನ್ನು ಡಾಲರಿನಲ್ಲಿ ನೇರವಾಗಿ ಕಾಣಬೇಕಾದರೆ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಹೋಗಬೇಕು. 1970ರಲ್ಲಿ ಅಲ್ಲಿ ಜಾರಿಗೆ ಬಂದ, ರಾಬರ್ಟ್ ಕ್ವಿನ್ ಎಂಬ ರಾಜಕಾರಣಿಯ ಹೆಸರಿನಿಂದ ‘ಕ್ವಿನ್ ಮಸೂದೆ’ ಎಂದೇ ಕರೆಯಲ್ಪಡುವ ಶಾಸನ ಓದಿದ ಪೊಲೀಸನಿಗೆ ಮೂಲವೇತನದ ಮೇಲೆ ಹೆಚ್ಚುವರಿ ವೇತನ ಕೊಡುವ ವ್ಯವಸ್ಥೆ ಮಾಡಿತು. ಕೊನೆಗೆ ನೆಲೆನಿಂತ ದರಗಳು ಹೀಗಿದ್ದವು: ಕಾನೂನು ಪಾಲನೆಯ ವಿಷಯದಲ್ಲಿ ಅಸೋಸಿಯೇಟ್ ಪದವಿಗೆ ಶೇ. 10, ಸ್ನಾತಕ ಪದವಿಗೆ ಶೇ. 20, ಸ್ನಾತಕೋತ್ತರ ಅಥವಾ ವಕೀಲಿ ಪದವಿಗೆ ಶೇ. 25. ಶಾಸನವನ್ನು ಒಪ್ಪಿಕೊಂಡ ಊರುಗಳಿಗೆ ಖರ್ಚಿನ ಅರ್ಧವನ್ನು ರಾಜ್ಯವೇ ತುಂಬಿಕೊಡಬೇಕು. ಸುಮ್ಮನೆ ಒಂದು ಲೆಕ್ಕ ಹಾಕೋಣ. 50,000 ಡಾಲರ್ ಮೂಲವೇತನದ ಪೊಲೀಸನೊಬ್ಬ ಸಂಜೆ ಓದಿ ಎರಡು ವರ್ಷದ ಪದವಿ ಪಡೆದನೆಂದುಕೊಳ್ಳಿ. ವರ್ಷಕ್ಕೆ 5,000 ಡಾಲರ್ ಹೆಚ್ಚು. ವೇತನ ಒಂದಿಷ್ಟೂ ಏರದಿದ್ದರೂ 25 ವರ್ಷಗಳ ಸೇವೆಯಲ್ಲಿ 1,25,000 ಡಾಲರ್. ಪಿಂಚಣಿಯ ಲೆಕ್ಕಕ್ಕೂ ಆ ಮೊತ್ತ ಸೇರುತ್ತಿತ್ತು. ಕೆಲವು ಸಾವಿರ ಡಾಲರಿನ ಶುಲ್ಕಕ್ಕೆ ಇಂಥ ಫಲ ಕೊಡುವ ಓದು ಯಾವ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸಿಕ್ಕೀತು?

ಸಹಜವಾಗಿಯೇ ದುರಾಸೆ ಒಳಹೊಕ್ಕಿತು. ಪೊಲೀಸ್ ತರಬೇತಿಗೇ ಕ್ರೆಡಿಟ್ಟು, ಸೇವೆಯ ಅನುಭವಕ್ಕೇ ಕ್ರೆಡಿಟ್ಟು ಕೊಟ್ಟು ಪದವಿಯನ್ನು ಅಂಗಡಿಯ ಸರಕಾಗಿಸಿದ ಕಾಲೇಜುಗಳು ಕಾಣಿಸಿಕೊಂಡವು. 2000ದ ದಶಕದ ಆರಂಭದಲ್ಲಿ ರಾಜ್ಯದ ಉನ್ನತ ಶಿಕ್ಷಣ ಮಂಡಳಿ ನಿಯಮಗಳನ್ನು ಬಿಗಿಗೊಳಿಸಿತು. ಆದರೆ ಪದವಿಯ ಬೆಲೆಗೆ ಪೆಟ್ಟು ಬಿದ್ದದ್ದು ಆ ಸುಧಾರಣೆಯಿಂದಲ್ಲ, 2008ರ ಆರ್ಥಿಕ ಕುಸಿತದಿಂದ. 2009ರಲ್ಲಿ ಬೊಕ್ಕಸ ಬರಿದಾದಾಗ ರಾಜ್ಯ ತನ್ನ ಅರ್ಧ ಪಾಲನ್ನು ಬಹುತೇಕ ನಿಲ್ಲಿಸಿತು. ಅದೇ ವರ್ಷ ಜುಲೈ 1ರ ಬಳಿಕ ನೇಮಕಗೊಂಡವರು ಈ ಶಾಸನದ ಸೌಲಭ್ಯದಿಂದ ಹೊರಗುಳಿದರು. ಬಾಸ್ಟನ್ನಿನ ಪೊಲೀಸರು ರಾಜ್ಯದ ಪಾಲನ್ನೂ ನಗರವೇ ಕೊಡಲೆಂದು ನ್ಯಾಯಾಲಯಕ್ಕೆ ಹೋದರು. 2012ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ನಗರದ ಮೇಲೆ ಆ ಹೊಣೆಯಿಲ್ಲವೆಂದಿತು. ಅದೇ ಕಾಲೇಜು, ಅದೇ ಪಠ್ಯ, ಅದೇ ಅಂಕಪಟ್ಟಿ. ಜೂನ್ ತಿಂಗಳಲ್ಲಿ ಕೆಲಸಕ್ಕೆ ಸೇರಿದವನ ಪದವಿಗೆ ಶಾಸನದ ಬಲವಿತ್ತು, ಜುಲೈನಲ್ಲಿ ಸೇರಿದವನ ಪದವಿಗೆ ಅದಿಲ್ಲ. ಅವನು ತನ್ನ ಸಂಘ ಊರಿನೊಂದಿಗೆ ಚೌಕಾಸಿ ಮಾಡಿ ಏನು ಗಳಿಸಿತೋ ಅದನ್ನೇ ನೆಚ್ಚಬೇಕು.

ಇದೇ ಪದವಿ ಕೆಲವರಿಗೆ ಏಣಿಯಾದರೆ ಕೆಲವರಿಗೆ ಗೋಡೆಯಾಯಿತು. ಟೆಕ್ಸಸ್ಸಿನ ಡಲಸ್ ನಗರ ಪೊಲೀಸ್ ಅಭ್ಯರ್ಥಿಗಳಿಗೆ 45 ಸೆಮಿಸ್ಟರ್ ಗಂಟೆಗಳ ಕಾಲೇಜು ಓದನ್ನು ಕಡ್ಡಾಯ ಮಾಡಿತ್ತು. ಇದರಿಂದ ಕರಿಯ ಅಭ್ಯರ್ಥಿಗಳೇ ಹೆಚ್ಚಾಗಿ ಹೊರಗುಳಿಯುತ್ತಾರೆಂದು ಮೊಕದ್ದಮೆ ಹೂಡಲಾಯಿತು. ಕಾರ್ಖಾನೆಯ ಕೆಲಸಕ್ಕೆ ಬೇಡದ ಪ್ರಮಾಣಪತ್ರ ಕೇಳಿ ಕರಿಯರನ್ನು ಹೊರಗಿಡಬಾರದೆಂದು ಅಮೆರಿಕದ ಸುಪ್ರೀಂ ಕೋರ್ಟು 1971ರಲ್ಲೇ ಹೇಳಿತ್ತು. ಆದರೆ 1985ರಲ್ಲಿ ಮೇಲ್ಮನವಿ ನ್ಯಾಯಾಲಯ, ಪೊಲೀಸ್ ಕೆಲಸದ ಹೊಣೆ ಮತ್ತು ಅಪಾಯ ಬೇರೆಯೇ ಬಗೆಯವು ಎಂಬ ಕಾರಣ ಕೊಟ್ಟು ಡಲಸ್ಸಿನ ನಿಯಮವನ್ನು ಎತ್ತಿಹಿಡಿಯಿತು. ಕರಿಯರ ಕೇರಿಗಳು ಉರಿದ ಕಾರಣಕ್ಕೆ ಹುಟ್ಟಿದ ಸುಧಾರಣೆಯೊಂದು ಆ ಕೇರಿಯ ಹುಡುಗನಿಗೆ ಸಮವಸ್ತ್ರ ಸಿಗದಂತೆ ತಡೆಯಬಲ್ಲದು ಎಂಬ ವೈಪರೀತ್ಯ ಆ ತೀರ್ಪಿನೊಳಗೆ ಕುಳಿತಿದೆ. ಅಲ್ಲಿಂದ ಸುಮಾರು ಹದಿನೈದು ವರ್ಷಗಳ ನಂತರ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಎಂಬ ಸಣ್ಣ ನಗರದ ಪ್ರಕರಣದಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ, ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ತೀರ ಹೆಚ್ಚು ಅಂಕ ಪಡೆದವನನ್ನು ‘ಬೇಸರಗೊಂಡು ಬಿಟ್ಟುಹೋದಾನು’ ಎಂಬ ಕಾರಣಕ್ಕೆ ಪೊಲೀಸ್ ಕೆಲಸದಿಂದ ಹೊರಗಿಟ್ಟದ್ದನ್ನೂ ತಪ್ಪೆನ್ನಲಿಲ್ಲ. ಆತ ಸಾಹಿತ್ಯ ಓದಿದವನಂತೆ. ನಮ್ಮ ಬಳಗದವರು ಈ ಮಾತನ್ನು ಹೇಗಾದರೂ ಅರ್ಥೈಸಿಕೊಳ್ಳಲಿ!

ಪೊಲೀಸರ ಕಥೆಯಲ್ಲೇ ನಿಂತರೆ ಈ ಪದವಿಯ ಅರ್ಧ ಚರಿತ್ರೆ ಮರೆಯಾಗುತ್ತದೆ, ಏಕೆಂದರೆ ಪದವೀಧರರಲ್ಲಿ ಅನೇಕರು ಸೇರಿದ್ದು ಠಾಣೆಗಲ್ಲ, ಸೆರೆಮನೆಗೆ, ಕಾವಲುಗಾರರಾಗಿ. 1970ರ ದಶಕದ ಮೊದಲಲ್ಲಿ ಅಮೆರಿಕದ ರಾಜ್ಯ ಮತ್ತು ಕೇಂದ್ರ ಸೆರೆಮನೆಗಳಲ್ಲಿ ಇದ್ದ ಕೈದಿಗಳು ಸುಮಾರು 2 ಲಕ್ಷ. 2009ರ ಹೊತ್ತಿಗೆ 16 ಲಕ್ಷ. ಅಷ್ಟು ಜನರನ್ನು ಕಾಯಲು ಕಾವಲುಗಾರರು ಬೇಕು. ಗಣಿಯೋ ಕಾರ್ಖಾನೆಯೋ ಮುಚ್ಚಿದ ಎಷ್ಟೋ ಊರುಗಳಿಗೆ ಹೊಸ ಸೆರೆಮನೆಯೇ ಹೊಸ ಜೀವನೋಪಾಯವಾಯಿತು, ಪಕ್ಕದ ಕಾಲೇಜಿನ ಕ್ರಿಮಿನಲ್ ಜಸ್ಟಿಸ್ ತರಗತಿ ಅದರ ಹೆಬ್ಬಾಗಿಲಾಯಿತು. 1994ರ ಅಪರಾಧ ಕಾಯಿದೆ ಒಂದು ಕೈಯಿಂದ 1 ಲಕ್ಷ ಹೊಸ ಪೊಲೀಸರ ನೇಮಕಕ್ಕೆ ಹಣದ ಭರವಸೆ ಕೊಟ್ಟಿತು. ಇನ್ನೊಂದು ಕೈಯಿಂದ ಕೈದಿಗಳಿಗೆ ದೊರೆಯುತ್ತಿದ್ದ ‘ಪೆಲ್’ ಎಂಬ ಕೇಂದ್ರ ವಿದ್ಯಾರ್ಥಿವೇತನವನ್ನು ಕಿತ್ತುಕೊಂಡಿತು. ಅದುವರೆಗೆ ಎಷ್ಟೋ ಸೆರೆಮನೆಗಳೊಳಗೆ ಕಮ್ಯುನಿಟಿ ಕಾಲೇಜಿನ ಅಧ್ಯಾಪಕರು ಹೋಗಿ ಪಾಠ ಹೇಳುತ್ತಿದ್ದರು. ಆ ತರಗತಿಗಳು ಬಹುಪಾಲು ಮುಚ್ಚಿದವು. ಕಂಬಿಯ ಹೊರಗಿನವನಿಗೆ ವಿದ್ಯಾರ್ಥಿವೇತನ ಕೊಟ್ಟು ಕಾವಲು ವಿದ್ಯೆ ಕಲಿಸಿದ ಸರ್ಕಾರ, ಒಳಗಿನವನ ಓದಿಗೆ ಕೊಡುತ್ತಿದ್ದ ಅದೇ ವೇತನವನ್ನು ಮೂರು ದಶಕಗಳ ಹತ್ತಿರ ತಡೆಹಿಡಿಯಿತು. ಅದು ಪೂರ್ತಿಯಾಗಿ ಮರಳಿದ್ದು 2023ರ ಜುಲೈನಲ್ಲಿ.

ಬೇಡಿಕೆ ಹೆಚ್ಚಿದಲ್ಲಿ ಲಾಭಕೋರರೂ ಬರುತ್ತಾರೆ. ಟೆಲಿವಿಷನ್ನಿನ ಅಪರಾಧ ಧಾರಾವಾಹಿಗಳ ಮೋಹ ಹಬ್ಬಿದ್ದ ಕಾಲದಲ್ಲಿ ಲಾಭಕ್ಕಾಗಿ ನಡೆಯುವ ಖಾಸಗಿ ಕಾಲೇಜುಗಳು ಇದೇ ಪದವಿಯನ್ನು ಹಲವು ಪಟ್ಟು ದರಕ್ಕೆ ಮಾರಿದವು. 2012ರಲ್ಲಿ ಇಲಿನಾಯ್ ರಾಜ್ಯದ ಅಟಾರ್ನಿ ಜನರಲ್ ಲೀಸಾ ಮ್ಯಾಡಿಗನ್ ವೆಸ್ಟ್‌ವುಡ್ ಕಾಲೇಜಿನ ಮೇಲೆ ಹೂಡಿದ ಮೊಕದ್ದಮೆ ಇದರ ಕನ್ನಡಿ. ಪೊಲೀಸ್ ಕೆಲಸ ಸಿಗುತ್ತದೆಂದು ನಂಬಿಸಿ 70,000 ಡಾಲರಿಗೂ ಹೆಚ್ಚು ವೆಚ್ಚದ ಪದವಿಗೆ ಸೇರಿಸಿಕೊಳ್ಳಲಾಯಿತು. ಆದರೆ ಕಾಲೇಜಿಗೆ ಪ್ರಾದೇಶಿಕ ಮಾನ್ಯತೆ ಇಲ್ಲದ್ದರಿಂದ ಶಿಕಾಗೋ ನಗರದ ಪೊಲೀಸ್ ಇಲಾಖೆಯೂ ರಾಜ್ಯ ಪೊಲೀಸ್ ಇಲಾಖೆಯೂ ಆ ಪದವಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ಆರೋಪ. ಅದೇ ಪ್ರದೇಶದ ಸಾರ್ವಜನಿಕ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಪದವಿಗೆ 13,000 ಡಾಲರಿನೊಳಗಿನ ಖರ್ಚು. 2015ರಲ್ಲಿ ರಾಜಿಯಾಗಿ, ವಿದ್ಯಾರ್ಥಿಗಳ 1.5 ಕೋಟಿ ಡಾಲರ್ ಸಾಲವನ್ನು ಕಾಲೇಜು ಮನ್ನಾ ಮಾಡಬೇಕಾಯಿತು. ಮರುವರ್ಷ ಆ ಸಂಸ್ಥೆ ಮುಚ್ಚಿತು. ಅಲ್ಲಿ ಕಳೆದ ವರ್ಷಗಳಿಗೆ ಮಾತ್ರ ಮನ್ನಾ ಎಂಬುದಿಲ್ಲ.

ಹಾಗಾದರೆ ಇವತ್ತಿನ ಲೆಕ್ಕವೇನು? ಸಾರ್ವಜನಿಕ ಕಮ್ಯುನಿಟಿ ಕಾಲೇಜಿನ ಬೋಧನಾ ಶುಲ್ಕ ದೇಶದ ಸರಾಸರಿಯಲ್ಲಿ ವರ್ಷಕ್ಕೆ 4,000 ಡಾಲರಿನ ಆಸುಪಾಸು; ಬಡವನಾದರೆ ಪೆಲ್ ವೇತನದಲ್ಲೇ ತೀರುತ್ತದೆ. 2023ರಲ್ಲಿ ಪೊಲೀಸರ ಮಧ್ಯಮ ವೇತನ ವರ್ಷಕ್ಕೆ 70,000 ಡಾಲರಿಗಿಂತ ಮೇಲೆ, ಸೆರೆಮನೆಯ ಕಾವಲುಗಾರರದು 53,000ದ ಹತ್ತಿರ, ಖಾಸಗಿ ಭದ್ರತಾ ಸಿಬ್ಬಂದಿಯದು 37,000ದ ಹತ್ತಿರ. ಪದವೀಧರ ಈ ಮೂರರಲ್ಲಿ ಯಾವ ಬಾಗಿಲು ಹೊಕ್ಕ ಎಂಬುದರ ಮೇಲೆ ಅವನ ಬಾಳು ನಿಂತಿದೆ. ಬಾಗಿಲು ತೆರೆಯುವುದೋ ಪದವಿಯಿಂದಲ್ಲ. ಕೇಂದ್ರ ಸರ್ಕಾರದ ಸಮೀಕ್ಷೆಯಂತೆ 2013ರಲ್ಲಿ ಸ್ಥಳೀಯ ಪೊಲೀಸ್ ಇಲಾಖೆಗಳಲ್ಲಿ ಶೇ. 84ರಷ್ಟು ಕೇಳುತ್ತಿದ್ದುದು ಪ್ರೌಢಶಾಲೆಯ ಪ್ರಮಾಣಪತ್ರವನ್ನಷ್ಟೆ. ಎರಡು ವರ್ಷದ ಪದವಿ ಕೇಳುತ್ತಿದ್ದವು ಶೇ. 10, ನಾಲ್ಕು ವರ್ಷದ್ದು ಶೇ. 1. 1973ರಲ್ಲಿ ಇನ್ನೊಂದು ರಾಷ್ಟ್ರೀಯ ಆಯೋಗ 1982ರೊಳಗೆ ಎಲ್ಲ ಇಲಾಖೆಗಳೂ ನಾಲ್ಕು ವರ್ಷದ ಪದವಿಯನ್ನು ಕಡ್ಡಾಯ ಮಾಡಲೆಂದು ಗಡುವು ಹಾಕಿತ್ತು. ಗಡುವು ಮೀರಿ ಮೂವತ್ತು ವರ್ಷಗಳಾದ ಮೇಲಿನ ಚಿತ್ರ ಇದು.

ನಮ್ಮ ಓದುಗರಿಗೆ ಇಲ್ಲೊಂದು ಗೊಂದಲ ಉಂಟಾಗಬಹುದು. ಕರ್ನಾಟಕದಲ್ಲಿ ಪೇದೆಯಾಗಲು ಪಿ.ಯು.ಸಿ. ಸಾಕು, ಸಬ್ ಇನ್‌ಸ್ಪೆಕ್ಟರ್ ಆಗಿ ನೇರವಾಗಿ ನೇಮಕವಾಗಲು ಪದವಿ ಬೇಕು. ನಮ್ಮಲ್ಲಿ ಪದವಿ ಮನುಷ್ಯನನ್ನು ಬೇರೆಯೇ ಮೆಟ್ಟಿಲಿನ ಮೇಲೆ ನಿಲ್ಲಿಸುತ್ತದೆ. ಅಮೆರಿಕದ ಪೊಲೀಸ್ ವ್ಯವಸ್ಥೆಯಲ್ಲಿ ಅಂತಹ ಮೇಲಿನ ಬಾಗಿಲು ಸಾಮಾನ್ಯವಾಗಿ ಇಲ್ಲ. ಪದವೀಧರನೂ ಅಲ್ಲದವನೂ ಒಂದೇ ಗಸ್ತಿನಿಂದ ಆರಂಭಿಸುತ್ತಾರೆ. ಅಲ್ಲಿ ಪದವಿಯ ಬೆಲೆ ಸಂಬಳದ ಚೀಟಿಯ ಒಂದು ಸಾಲಿನಲ್ಲೋ, ಮುಂದೆ ಸಾರ್ಜೆಂಟ್ ಹುದ್ದೆಯ ಬಡ್ತಿಯಲ್ಲೋ ಮಾತ್ರ ಕಾಣಿಸಿಕೊಳ್ಳಬೇಕು. ಆ ಸಾಲು ಇರುವ ಊರೂ ಉಂಟು, ಇಲ್ಲದ ಊರೂ ಉಂಟು. ಹೀಗಾಗಿ ನಮ್ಮ ಹಿರಿಯರಿಗೆ ನಾನು ಈಗ ಹೇಳಬಹುದಾದದ್ದು ಇಷ್ಟೇ: ಹುಡುಗ ಯಾವ ಕಾಲೇಜಿನಲ್ಲಿ ಓದುತ್ತಾನೆಂದು ಕೇಳುವ ಮೊದಲು, ಯಾವ ಊರಿನಲ್ಲಿ ಕೆಲಸಕ್ಕೆ ಸೇರುವ ಯೋಚನೆಯಿದೆಯೆಂದು ಕೇಳಿ. ಸಾಧ್ಯವಾದರೆ ಆ ಊರಿನ ಪೊಲೀಸ್ ಸಂಘದ ವೇತನ ಒಪ್ಪಂದವನ್ನೂ ತರಿಸಿ ಓದಲು ಹೇಳಿ.

ನ್ಯೂಯಾರ್ಕ್ ನಗರದ ಈಚಿನ ಸಂಗತಿಯನ್ನೂ ಅವರಿಗೆ ಹೇಳಬೇಕೆಂದಿದ್ದೇನೆ. 1990ರ ದಶಕದ ಉತ್ತರಾರ್ಧದಿಂದ ಆ ನಗರದ ಪೊಲೀಸ್ ಅಭ್ಯರ್ಥಿಗೆ, ಸೈನ್ಯದಲ್ಲಿ ಸೇವೆ ಸಲ್ಲಿಸಿರದಿದ್ದರೆ, 60 ಕ್ರೆಡಿಟ್ಟುಗಳ ಕಾಲೇಜು ಓದು ಬೇಕಿತ್ತು. ಅಂದರೆ ಸರಿಯಾಗಿ ಒಂದು ಅಸೋಸಿಯೇಟ್ ಪದವಿಯಷ್ಟು. ಬಡ ಹುಡುಗರು, ವಲಸೆ ಬಂದವರ ಮಕ್ಕಳು ಆ ಅರವತ್ತಕ್ಕಾಗಿಯೇ ನಗರದ ಕಮ್ಯುನಿಟಿ ಕಾಲೇಜುಗಳ ಮೆಟ್ಟಿಲು ಹತ್ತುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಕೆಲಸ ಬಿಟ್ಟವರು ಹೆಚ್ಚಾಗಿ, ಸೇರಲು ಬರುವವರು ಕಡಿಮೆಯಾದಾಗ 2025ರ ಫೆಬ್ರವರಿಯಲ್ಲಿ ಇಲಾಖೆ 60ನ್ನು 24ಕ್ಕೆ ಇಳಿಸಿತು. ಬಿಟ್ಟುಕೊಟ್ಟದ್ದು 36 ಕ್ರೆಡಿಟ್ಟು. ಕ್ರೆಡಿಟ್ಟೊಂದಕ್ಕೆ 210 ಡಾಲರಿನಂತೆ 7,560 ಡಾಲರ್ ಶುಲ್ಕದ ಓದು. ಅದೇ ಪ್ರಕಟಣೆಯಲ್ಲಿ, ಎರಡು ವರ್ಷಗಳ ಹಿಂದೆ ಕೈಬಿಟ್ಟಿದ್ದ ಓಟದ ಪರೀಕ್ಷೆಯನ್ನು ಮತ್ತೆ ತಂದರು. ಅಭ್ಯರ್ಥಿ ಈಗ ಒಂದೂವರೆ ಮೈಲಿಯನ್ನು 14 ನಿಮಿಷ 21 ಸೆಕೆಂಡಿನೊಳಗೆ ಓಡಬೇಕು.